ನಾಲ್ಕು ನಕ್ಷತ್ರದ ಹೋಂ ಬಿಟ್ಟು ಮೂರು ನಕ್ಷತ್ರದ ಹೋಂಗೆ: ಅಮೆರಿಕದ ಒಂದು ಕನ್ನಡ ಕುಟುಂಬದ ಪ್ರಕರಣ

ಇದು 2024ರ ಏಪ್ರಿಲ್ ಮತ್ತು ನಂತರದ ತಿಂಗಳುಗಳಲ್ಲಿ ನಡೆದ ಪ್ರಕರಣ. ಅಮೆರಿಕದ ಮಧ್ಯಪಶ್ಚಿಮ ಭಾಗದ ರಾಜ್ಯವೊಂದರಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದು, ಸರ್ಕಾರದ ರೇಟಿಂಗ್‌ನಲ್ಲಿ ನಾಲ್ಕು ನಕ್ಷತ್ರ ಪಡೆದಿದ್ದ ನರ್ಸಿಂಗ್ ಹೋಂಗೆ ತಾಯಿಯನ್ನು ಸೇರಿಸಿತು. ಮೂರೂವರೆ ವಾರಗಳ ನಂತರ ಅವರನ್ನು ಅಲ್ಲಿಂದ ಬಿಡಿಸಿ, ಮೂರು ನಕ್ಷತ್ರದ ಇನ್ನೊಂದು ಹೋಂಗೆ ಒಯ್ಯಿತು. ಆಸ್ಪತ್ರೆಯಿಂದ ಬಿಡುಗಡೆಯಾಗುವ ಹಿರಿಯರ ಕುಟುಂಬಗಳಿಗೆ ಕಾಗದಪತ್ರಗಳಲ್ಲಿ ನೆರವಾಗುವ ಸ್ವಯಂಸೇವಕಿಯಾಗಿ ನಾನು ಈ ಕುಟುಂಬದ ಜೊತೆಗಿದ್ದೆ. ಅವರ ಒಪ್ಪಿಗೆಯಿಂದ ಬರೆಯುತ್ತಿದ್ದೇನೆ. ಊರು, ವೃತ್ತಿ ಮತ್ತು ಕೆಲವು ಅಂಕಿಗಳನ್ನು ಗುರುತು ಸಿಗದಷ್ಟು ಬದಲಿಸಿದ್ದೇನೆ. ನಿರ್ಧಾರಗಳನ್ನೂ ಅವುಗಳ ಕಾರಣಗಳನ್ನೂ ಬದಲಿಸಿಲ್ಲ.

ಹಿನ್ನೆಲೆ

ತಾಯಿಗೆ ಎಪ್ಪತ್ತೆಂಟು ವರ್ಷ. ಮಲೆನಾಡಿನಲ್ಲಿ ಶಾಲಾ ಶಿಕ್ಷಕಿಯಾಗಿ ನಿವೃತ್ತರಾದವರು. ಯಜಮಾನರು ತೀರಿಕೊಂಡ ಮೇಲೆ ಮಗಳ ಮೂಲಕ ಗ್ರೀನ್ ಕಾರ್ಡ್ ಪಡೆದು ಅಮೆರಿಕಕ್ಕೆ ಬಂದು ಏಳು ವರ್ಷವಾಗಿತ್ತು. ಈ ಏಳು ವರ್ಷದ ಲೆಕ್ಕಕ್ಕೆ ಬೆಲೆಯಿದೆ. ಅಲ್ಲಿ ದುಡಿದ ದಾಖಲೆಯಿಲ್ಲದ, 65 ದಾಟಿದ ಗ್ರೀನ್ ಕಾರ್ಡ್‌ದಾರರು ಐದು ವರ್ಷ ಎಡೆಬಿಡದೆ ನೆಲೆಸಿದ ನಂತರವೇ ಹಿರಿಯರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ಆರೋಗ್ಯ ವಿಮೆಯನ್ನು ಹಣ ಕೊಟ್ಟು ಪಡೆಯಬಹುದು. ಅದರ ಆಸ್ಪತ್ರೆ ಭಾಗಕ್ಕೇ 2024ರಲ್ಲಿ ತಿಂಗಳಿಗೆ 505 ಡಾಲರ್ ಆಗುತ್ತಿತ್ತು. ಮಗಳು ಮತ್ತು ಅಳಿಯ ಅದನ್ನು ತಪ್ಪದೆ ಕಟ್ಟುತ್ತ ಬಂದಿದ್ದರು.

ಬಚ್ಚಲುಮನೆಯಲ್ಲಿ ಜಾರಿಬಿದ್ದು ತಾಯಿಯ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮುಂದೆ ಕೆಲವು ವಾರ ನರ್ಸಿಂಗ್ ಹೋಂನಲ್ಲಿದ್ದು ದಿನವೂ ಫಿಸಿಯೋಥೆರಪಿ ಪಡೆಯಬೇಕು ಎಂದು ವೈದ್ಯರು ಹೇಳಿದರು. ಬೆಂಗಳೂರಿನಲ್ಲಿರುವ ಮಗ ನರ್ಸಿಂಗ್ ಹೋಂ ಎಂದೊಡನೆ ನಮ್ಮ ಕಡೆಯ ಸಣ್ಣ ಖಾಸಗಿ ಆಸ್ಪತ್ರೆಯನ್ನು ಊಹಿಸಿಕೊಂಡು, "ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಯಾಕೆ ಅಕ್ಕ?" ಎಂದು ಕೇಳಿದರು. ಅಮೆರಿಕದ ನರ್ಸಿಂಗ್ ಹೋಂ ಬೇರೆಯೇ ಸಂಸ್ಥೆ. ವೈದ್ಯರು ಆಗೊಮ್ಮೆ ಈಗೊಮ್ಮೆ ಬರುತ್ತಾರೆ; ದಿನದ ಆರೈಕೆಯೆಲ್ಲ ನರ್ಸ್‌ಗಳು ಮತ್ತು ತರಬೇತಿ ಪಡೆದ ಸಹಾಯಕರ ಕೈಯಲ್ಲಿರುತ್ತದೆ. ಕೆಲವರು ಶಸ್ತ್ರಚಿಕಿತ್ಸೆಯ ನಂತರ ಒಂದೆರಡು ತಿಂಗಳಿದ್ದು ಮನೆಗೆ ಹೋಗುತ್ತಾರೆ, ಕೆಲವರು ಬದುಕಿನ ಕೊನೆಯವರೆಗೂ ಅಲ್ಲೇ ಉಳಿಯುತ್ತಾರೆ.

ಮೆಡಿಕೇರ್ ಹಣ ಕೊಡಬೇಕಾದರೆ ರೋಗಿ ಕನಿಷ್ಠ ಮೂರು ದಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾಗಿರಬೇಕು. "ನಿಗಾದಲ್ಲಿ ಇಟ್ಟಿದ್ದೇವೆ" ಎಂದು ಬರೆದುಕೊಂಡ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ತಾಯಂದಿರು ಎಷ್ಟೋ ಜನ ಇದೇ ಒಂದು ಪದದಿಂದಾಗಿ ಸಾವಿರಾರು ಡಾಲರ್ ಕೈಯಿಂದ ತೆತ್ತಿದ್ದಾರೆ. ಅಳಿಯ ಎರಡನೆಯ ದಿನವೇ ಈ ಪ್ರಶ್ನೆ ಕೇಳಿ, ಒಳರೋಗಿ ಎಂಬ ಉತ್ತರವನ್ನು ಬರೆಸಿಕೊಂಡಿದ್ದರು. ಮೊದಲ 20 ದಿನದ ವೆಚ್ಚ ಪೂರ್ತಿ ಮೆಡಿಕೇರ್‌ನದು. 21ರಿಂದ 100ನೆಯ ದಿನದವರೆಗೆ ರೋಗಿಯ ಪಾಲು ಇರುತ್ತದೆ. 2024ರಲ್ಲಿ ಅದು ದಿನಕ್ಕೆ 204 ಡಾಲರ್.

ಒಂದು ರಾತ್ರಿಯ ಆಯ್ಕೆ

ಗುರುವಾರ ಮಧ್ಯಾಹ್ನ ಆಸ್ಪತ್ರೆಯ ಬಿಡುಗಡೆ ಸಂಯೋಜಕಿ ಹತ್ತಿರದ ಹೋಂಗಳ ಪಟ್ಟಿಯನ್ನು ಮಗಳ ಕೈಗಿತ್ತು, ಶುಕ್ರವಾರ ಮಧ್ಯಾಹ್ನದೊಳಗೆ ಹೇಳಿ ಎಂದರು. ಪಟ್ಟಿಯಲ್ಲಿ ಪ್ರತಿ ಹೆಸರಿನ ಎದುರು ನಕ್ಷತ್ರಗಳಿದ್ದವು. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿದ್ದ, ಹಾಸಿಗೆ ಖಾಲಿಯಿದ್ದ ಹೋಂಗೆ ನಾಲ್ಕು ನಕ್ಷತ್ರ. ಮಗಳು ಅದನ್ನೇ ಆರಿಸಿದರು. ಆ ಒತ್ತಡದಲ್ಲಿ ಯಾರೇ ಆಗಿದ್ದರೂ ಅದನ್ನೇ ಆರಿಸುತ್ತಿದ್ದರು.

ಆ ನಾಲ್ಕು ನಕ್ಷತ್ರ ಹೇಗೆ ಹುಟ್ಟಿತೆಂದು ಬಿಡಿಸಿ ಹೇಳಬೇಕು, ಏಕೆಂದರೆ ಪ್ರಕರಣದ ತಿರುಳು ಅಲ್ಲಿದೆ.

ಅಮೆರಿಕದ ಮೆಡಿಕೇರ್ ಆಡಳಿತ ಸಂಸ್ಥೆಯಾದ ಸಿಎಂಎಸ್ 2008ರ ಡಿಸೆಂಬರ್‌ನಲ್ಲಿ ಐದು ನಕ್ಷತ್ರಗಳ ಪದ್ಧತಿಯನ್ನು ಜಾರಿಗೆ ತಂದಿತು. ಈಗ ಅದನ್ನು ಕೇರ್ ಕಂಪೇರ್ ಎಂಬ ಸರ್ಕಾರಿ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಒಟ್ಟು ನಕ್ಷತ್ರದ ಹಿಂದೆ ಮೂರು ಬಿಡಿ ರೇಟಿಂಗ್‌ಗಳಿವೆ: ತಪಾಸಣೆ, ಸಿಬ್ಬಂದಿ, ಗುಣಮಟ್ಟದ ಅಳತೆಗಳು. ಲೆಕ್ಕ ತಪಾಸಣೆಯಿಂದ ಶುರುವಾಗುತ್ತದೆ. ಸಿಬ್ಬಂದಿ ರೇಟಿಂಗ್ ಐದಿದ್ದರೆ ಒಂದು ನಕ್ಷತ್ರ ಸೇರುತ್ತದೆ, ಒಂದೇ ಇದ್ದರೆ ಒಂದು ಕಳೆಯುತ್ತದೆ. ಗುಣಮಟ್ಟದ ಅಳತೆಗೂ ಹಾಗೆಯೇ: ಐದಿದ್ದರೆ ಸೇರ್ಪಡೆ, ಒಂದಿದ್ದರೆ ಕಡಿತ. ನಡುವಿನ ಎರಡು, ಮೂರು, ನಾಲ್ಕು ನಕ್ಷತ್ರಗಳು ಒಟ್ಟು ಮೊತ್ತವನ್ನು ಅಲುಗಾಡಿಸುವುದೇ ಇಲ್ಲ.

ಮಗಳು ಆರಿಸಿದ ಹೋಂನ ತಪಾಸಣೆ ಮೂರು, ಸಿಬ್ಬಂದಿ ಎರಡು, ಗುಣಮಟ್ಟ ಐದು. ಮೂರಕ್ಕೆ ಗುಣಮಟ್ಟದ ಒಂದು ಸೇರಿ ನಾಲ್ಕು. ಸಿಬ್ಬಂದಿಯ ಕೊರತೆ ಒಟ್ಟು ನಕ್ಷತ್ರದಲ್ಲಿ ಎಲ್ಲಿಯೂ ಕಾಣಲಿಲ್ಲ. ಅದನ್ನು ಮೇಲೆತ್ತಿದ ಗುಣಮಟ್ಟದ ಅಳತೆಗಳಾದರೋ, ಬಹುಪಾಲು ಹೋಂನವರೇ ತುಂಬಿ ಕಳಿಸುವ ರೋಗಿ ಮೌಲ್ಯಮಾಪನ ನಮೂನೆಗಳಿಂದ ಬರುತ್ತವೆ. ಮೆಡಿಕೇರ್ ಬಿಲ್‌ಗಳಿಂದ ತೆಗೆಯುವ ಅಳತೆಗಳೂ ಇವೆ, ಆಸ್ಪತ್ರೆಗೆ ಮರಳಿ ಸೇರಿದವರ ಪ್ರಮಾಣ ಅಂಥದ್ದು. ಆದರೆ ಬಿದ್ದು ಗಾಯಗೊಂಡದ್ದು, ಹಾಸಿಗೆ ಹುಣ್ಣು ಇವೆಲ್ಲ ಹೋಂ ಹೇಳಿದ್ದೇ ಲೆಕ್ಕ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಆಸ್ಪತ್ರೆ ಬಿಲ್‌ಗಳನ್ನು ಈ ನಮೂನೆಗಳಿಗೆ ತಾಳೆ ಹಾಕಿ ನೋಡಿದಾಗ, ಬಿದ್ದು ಗಂಭೀರ ಗಾಯವಾಗಿ ಆಸ್ಪತ್ರೆ ಸೇರಿದ ಘಟನೆಗಳಲ್ಲಿ ಶೇಕಡ 40ಕ್ಕಿಂತ ಹೆಚ್ಚು ಹೋಂಗಳ ವರದಿಯಲ್ಲಿ ಇರಲೇ ಇಲ್ಲ. ಈ ಒಂದು ಅಂಶ ತಿಳಿದ ಮೇಲೆ ಗುಣಮಟ್ಟದ ಐದು ನಕ್ಷತ್ರವನ್ನು ನಾನು ಬೇರೆ ಸಾಕ್ಷ್ಯವಿಲ್ಲದೆ ನಂಬುವುದಿಲ್ಲ.

ಶುಕ್ರವಾರ ಸಂಜೆ ತಾಯಿ ಹೋಂ ಸೇರಿದರು. ಮಗಳು ಟ್ಯಾಬ್ಲೆಟ್ ಪರದೆಯ ಮೇಲೆ ಹತ್ತಾರು ಪುಟಗಳಿಗೆ ಸಹಿ ಹಾಕಿದರು.

ಶನಿವಾರ, ಭಾನುವಾರ

ಮೊದಲ ವಾರ ಎಲ್ಲವೂ ಸರಿಯಿರುವಂತೆ ಕಂಡಿತು. ಫಿಸಿಯೋಥೆರಪಿ ವಿಭಾಗ ಅಚ್ಚುಕಟ್ಟಾಗಿತ್ತು, ತರಬೇತುದಾರರು ಒಳ್ಳೆಯವರು. ತೊಂದರೆ ಕಾಣಿಸಿದ್ದು ವಾರಾಂತ್ಯಗಳಲ್ಲಿ. ಕರೆಗಂಟೆ ಒತ್ತಿದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಯಾರೂ ಬರುತ್ತಿರಲಿಲ್ಲ. ಶೌಚಕ್ಕೆ ಕಾಯಬೇಕಾಗುತ್ತದೆಂದು ತಾಯಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಸಸ್ಯಾಹಾರ ಎಂದು ಬರೆಸಿದ್ದರೂ ತಟ್ಟೆಯಲ್ಲಿ ಬರುತ್ತಿದ್ದುದು ಬೇಯಿಸಿದ ಬೀನ್ಸ್ ಮತ್ತು ಬ್ರೆಡ್. ಮಗಳು ದಿನವೂ ಮೊಸರನ್ನ ಒಯ್ಯುತ್ತಿದ್ದರು. ಆದರೂ ಎರಡು ವಾರದಲ್ಲಿ ತೂಕ ಎರಡೂವರೆ ಕಿಲೋ ಇಳಿಯಿತು.

ಇಲ್ಲಿ ನಮ್ಮ ಹಿರಿಯರ ಸ್ವಭಾವದ ಬಗ್ಗೆ ಒಂದು ಮಾತು ಹೇಳಲೇಬೇಕು. ನೋವು ಒಂದರಿಂದ ಹತ್ತರಲ್ಲಿ ಎಷ್ಟು ಎಂದು ನರ್ಸ್ ಕೇಳಿದಾಗಲೆಲ್ಲ ತಾಯಿ ಎರಡು ಎನ್ನುತ್ತಿದ್ದರು. ಮಗಳ ಬಳಿಯೂ ಅಷ್ಟೇ: "ಪಾಪ, ಆ ಹುಡುಗಿಯರಿಗೆ ಎಷ್ಟು ಕೆಲಸವೋ, ನಾನೂ ಕರೆದರೆ ಹೇಗೆ?" ಹೀಗಾಗಿ ಹೋಂನ ದಾಖಲೆಯಲ್ಲಿ ಅವರು ಯಾವ ದೂರೂ ಇಲ್ಲದ ರೋಗಿ. ಮೂರನೆಯ ವಾರ ಮಗಳು ತಾವೇ ಕಾಲುಚೀಲ ಬಿಚ್ಚಿ ನೋಡಿದಾಗ ಎಡ ಹಿಮ್ಮಡಿಯಲ್ಲಿ ಚರ್ಮ ಕಿತ್ತು ಹುಣ್ಣಾಗಿತ್ತು. ಎರಡನೆಯ ಹಂತದ ಹಾಸಿಗೆ ಹುಣ್ಣು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲ ಕೆಳಗೆ ದಿಂಬಿಟ್ಟು, ನಿಗದಿತ ಹೊತ್ತಿಗೆ ಮಗ್ಗುಲು ಬದಲಿಸಿದ್ದರೆ ಬಹುಶಃ ಬರುತ್ತಿರಲಿಲ್ಲ. ಅದಕ್ಕೆ ಯಂತ್ರ ಬೇಕಿಲ್ಲ, ಹೊತ್ತಿಗೆ ಸರಿಯಾಗಿ ಬರುವ ಒಬ್ಬ ಮನುಷ್ಯ ಬೇಕು.

ಮಗಳು ನನಗೆ ಕರೆ ಮಾಡಿದ್ದು ಆ ರಾತ್ರಿ.

ಏನೇನು ಪ್ರಯತ್ನಿಸಿದರು

ಮೊದಲ ಹೆಜ್ಜೆಯಾಗಿ ಆರೈಕೆ ಯೋಜನೆಯ ಸಭೆ ಕರೆಯಬೇಕೆಂದು ಲಿಖಿತವಾಗಿ ಕೇಳಿದೆವು. ರೋಗಿ ಮತ್ತು ಕುಟುಂಬಕ್ಕೆ ಅದು ಹಕ್ಕು. 1987ರ ನರ್ಸಿಂಗ್ ಹೋಂ ಸುಧಾರಣಾ ಕಾನೂನಿನಿಂದ ಬಂದದ್ದು. ಸಭೆಯಲ್ಲಿ ನರ್ಸಿಂಗ್ ನಿರ್ದೇಶಕಿ ಸೌಜನ್ಯದಿಂದಲೇ ಮಾತನಾಡಿದರು. ಆ ಹುದ್ದೆಗೆ ಅವರು ಬಂದು ಆರು ವಾರವಾಗಿತ್ತು. ಹಿಮ್ಮಡಿಗೆ ಮೆತ್ತನೆಯ ಬೂಟು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾವಣೆ, ಆಹಾರ ತಜ್ಞರ ಭೇಟಿ ಎಲ್ಲವನ್ನೂ ಯೋಜನೆಗೆ ಸೇರಿಸಿದರು. ವಾರದ ದಿನಗಳಲ್ಲಿ ಅದು ನಡೆಯಿತು. ಮುಂದಿನ ಭಾನುವಾರ ಸಂಜೆ ಮಗಳು ಹೋದಾಗ ಬೂಟು ಕುರ್ಚಿಯ ಮೇಲಿತ್ತು.

ಅದೇ ಸಂಜೆ ಅವರು ಬಾಗಿಲ ಬಳಿಯ ಫಲಕದ ಚಿತ್ರ ತೆಗೆದು ಕಳಿಸಿದರು. ಪ್ರತಿ ಪಾಳಿಯಲ್ಲಿ ಎಷ್ಟು ನರ್ಸ್‌ಗಳು, ಎಷ್ಟು ಸಹಾಯಕರು, ಎಷ್ಟು ರೋಗಿಗಳು ಎಂಬುದನ್ನು ಪ್ರತಿದಿನ ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ಕೇಂದ್ರದ ನಿಯಮವಿದೆ. ಕೊನೆಯ ತಪಾಸಣೆಯ ವರದಿಯನ್ನೂ ಕೇಳದೆಯೇ ನೋಡಲು ಸಿಗುವಂತೆ ಇಡಬೇಕು. ಅವರು ತಾಯಿಯ ಮಹಡಿಯ ರೋಗಿಗಳನ್ನು ಸಹಾಯಕರ ಸಂಖ್ಯೆಯಿಂದ ಭಾಗಿಸಿದಾಗ, ಒಬ್ಬ ಸಹಾಯಕಿಗೆ ಹದಿನೇಳು ರೋಗಿಗಳು ಬಂದರು.

ಪ್ರಕರಣದ ದಿಕ್ಕನ್ನು ಬೆಂಗಳೂರಿನ ತಮ್ಮ ಬದಲಿಸಿದ್ದು ಇಲ್ಲಿ. ಅವರು ದತ್ತಾಂಶ ವಿಶ್ಲೇಷಣೆಯ ಕೆಲಸದಲ್ಲಿರುವವರು. ದೂರದಿಂದ ಏನೂ ಮಾಡಲಾಗುತ್ತಿಲ್ಲ ಎಂದು ಕೊರಗುತ್ತಿದ್ದರು. ಹೋಂಗಳು ಮೂರು ತಿಂಗಳಿಗೊಮ್ಮೆ ತಮ್ಮ ಸಂಬಳದ ದಾಖಲೆಯ ಆಧಾರದಲ್ಲಿ ಸಿಬ್ಬಂದಿಯ ಗಂಟೆಗಳನ್ನು ಸಿಎಂಎಸ್‌ಗೆ ಕಳಿಸಬೇಕು ಎಂದು ನಾನು ಹೇಳಿದೆ. 2016ರಿಂದ ಈ ಸಂಗ್ರಹಣೆ ನಡೆಯುತ್ತಿದೆ, 2018ರಿಂದ ರೇಟಿಂಗ್‌ಗೆ ಇದನ್ನೇ ಬಳಸುತ್ತಾರೆ, ಮೂಲ ಕಡತಗಳು ಸಾರ್ವಜನಿಕವಾಗಿವೆ. ಅದಕ್ಕೂ ಮೊದಲು ಸಿಬ್ಬಂದಿಯ ಲೆಕ್ಕವೂ ಹೋಂಗಳು ತಾವೇ ಹೇಳಿದಂತೆಯೇ ಇತ್ತು. ಮೂರು ವಿಭಾಗಗಳಲ್ಲಿ ನಾನು ಹೆಚ್ಚು ನೆಚ್ಚುವುದು ಇದನ್ನೇ. ಸಂಬಳ ಕೊಟ್ಟ ಗಂಟೆಯನ್ನು ಲೆಕ್ಕದ ಪುಸ್ತಕದಿಂದ ಹುಟ್ಟಿಸುವುದು ನಮೂನೆ ತುಂಬಿದಷ್ಟು ಸುಲಭವಲ್ಲ.

ಮರುದಿನ ತಮ್ಮನಿಂದ ಒಂದು ಕೋಷ್ಟಕ ಬಂತು. 2023ರ ಮೊದಲ ಮೂರು ತಿಂಗಳಲ್ಲಿ ಆ ಹೋಂನಲ್ಲಿ ಪ್ರತಿ ರೋಗಿಗೆ ದಿನಕ್ಕೆ ಸುಮಾರು 3.9 ಗಂಟೆಯ ಆರೈಕೆ ಸಿಗುತ್ತಿತ್ತು. ಅದೇ ವರ್ಷದ ಕೊನೆಯ ಮೂರು ತಿಂಗಳಲ್ಲಿ ಅದು 3.2ಕ್ಕೆ ಇಳಿದಿತ್ತು, ವಾರಾಂತ್ಯದಲ್ಲಿ ಇನ್ನೂ ಕಡಿಮೆ, 2.6. ಸಿಎಂಎಸ್‌ಗಾಗಿಯೇ ಸಿದ್ಧವಾದ 2001ರ ಅಧ್ಯಯನ ದೀರ್ಘಕಾಲ ಉಳಿಯುವ ರೋಗಿಗಳಿಗೆ 4.1 ಗಂಟೆ ಬೇಕೆಂದಿತ್ತು. "ಅಕ್ಕ, ನಡುವೆ ಏನೋ ಆಗಿದೆ. ಇಷ್ಟು ಒಂದೇ ಸಲಕ್ಕೆ ಬೀಳುವುದಿಲ್ಲ," ಎಂದು ತಮ್ಮ ಬರೆದಿದ್ದರು.

ಒಡೆತನ

ನಡುವೆ ಆಗಿದ್ದು ಮಾರಾಟ. ಸಾರ್ವಜನಿಕ ದತ್ತಾಂಶದಲ್ಲಿ, ಕಳೆದ ಹನ್ನೆರಡು ತಿಂಗಳಲ್ಲಿ ಒಡೆತನ ಬದಲಾಗಿದೆಯೇ ಎಂಬ ಒಂದು ಕಂಬಸಾಲು ಇದೆ. ಈ ಹೋಂನ ಎದುರು ಹೌದು ಎಂದಿತ್ತು. 2023ರ ಜುಲೈವರೆಗೆ ಅದನ್ನು ನಡೆಸುತ್ತಿದ್ದುದು ಲಾಭದ ಉದ್ದೇಶವಿಲ್ಲದ ಸ್ಥಳೀಯ ಸಂಸ್ಥೆ. ಕೊಂಡದ್ದು ಹೂಡಿಕೆದಾರರ ಒಂದು ಗುಂಪು. ಹೆಸರು, ಫಲಕ, ಕಟ್ಟಡ, ಕೊನೆಗೆ ಸರ್ಕಾರದ ಗುರುತಿನ ಸಂಖ್ಯೆಯೂ ಹಳೆಯದೇ. ಆದ್ದರಿಂದ ಹಳೆಯ ಒಡೆಯರ ಕಾಲದ ತಪಾಸಣೆಯ ಅಂಕವೂ ಹೊಸಬರ ಖಾತೆಯಲ್ಲೇ ಮುಂದುವರಿದಿತ್ತು. ಮಗಳು ನಂಬಿದ ಮೂರು ತಪಾಸಣಾ ನಕ್ಷತ್ರಗಳಲ್ಲಿ ಹೊಸ ಆಡಳಿತ ಗಳಿಸಿದ್ದು ಒಂದೂ ಇರಲಿಲ್ಲ. ಅವರ ಕಾಲದ ವಾರ್ಷಿಕ ತಪಾಸಣೆ ಆಗ ನಡೆದೇ ಇರಲಿಲ್ಲ.

ಅಮೆರಿಕದಲ್ಲಿ ಸುಮಾರು 15,000 ನರ್ಸಿಂಗ್ ಹೋಂಗಳಿವೆ. ಶೇಕಡ 70ಕ್ಕಿಂತ ಹೆಚ್ಚು ಲಾಭಕ್ಕಾಗಿ ನಡೆಯುವಂಥವು, ಉಳಿದವುಗಳಲ್ಲಿ ಹೆಚ್ಚಿನವು ಲಾಭೋದ್ದೇಶವಿಲ್ಲದವು, ಸರ್ಕಾರಿ ಹೋಂಗಳು ಕೆಲವೇ. ಬ್ರಿಟಿಷ್ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ 2009ರಲ್ಲಿ 82 ಅಧ್ಯಯನಗಳ ಒಂದು ಸಮೀಕ್ಷೆ ಪ್ರಕಟವಾಯಿತು. ಅವುಗಳಲ್ಲಿ 40 ಅಧ್ಯಯನಗಳು ಗಣನೀಯ ವ್ಯತ್ಯಾಸ ಕಂಡ ಎಲ್ಲ ಹೋಲಿಕೆಗಳಲ್ಲೂ ಲಾಭೋದ್ದೇಶವಿಲ್ಲದ ಹೋಂಗಳ ಪರವಾಗಿದ್ದವು, ಲಾಭದ ಹೋಂಗಳ ಪರವಾಗಿದ್ದವು 3. ಉಳಿದವುಗಳ ಫಲಿತಾಂಶ ಮಿಶ್ರ. ಸಿಬ್ಬಂದಿ ಹೆಚ್ಚು, ಹಾಸಿಗೆ ಹುಣ್ಣು ಕಡಿಮೆ ಎಂಬುದು ಒಟ್ಟು ಫಲಿತಾಂಶ. ಆದರೆ ಇದು ಸರಾಸರಿ. ಲಾಭದ ಹೋಂಗಳಲ್ಲೂ ಒಬ್ಬರೇ ಒಡೆಯರು ಮೂವತ್ತು ವರ್ಷ ಮಮತೆಯಿಂದ ನಡೆಸಿಕೊಂಡು ಬಂದವುಗಳನ್ನು ನಾನು ಕಂಡಿದ್ದೇನೆ, ಚರ್ಚಿನ ಹೆಸರಿದ್ದೂ ಸೊರಗಿದವುಗಳನ್ನೂ ಕಂಡಿದ್ದೇನೆ.

ಒಡೆತನದ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಹಣ ಎಲ್ಲಿಗೆ ಹೋಗುತ್ತದೆ? ಅಳಿಯ ಲೆಕ್ಕಪತ್ರ ಬಲ್ಲವರು. ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಆಸ್ತಿ ದಾಖಲೆ ತೆಗೆದು ನೋಡಿದರು. ಹೋಂ ನಡೆಸುವ ಕಂಪನಿ ಒಂದು, ಕಟ್ಟಡದ ಒಡೆತನ ಇನ್ನೊಂದು ಕಂಪನಿಯದು, ಆಡಳಿತ ಸೇವೆ ಒದಗಿಸುವುದು ಮೂರನೆಯದು. ಕೇರ್ ಕಂಪೇರ್‌ನ ಒಡೆತನ ಪುಟದಲ್ಲಿ ಶೇಕಡ 5 ಅಥವಾ ಹೆಚ್ಚು ಪಾಲಿರುವವರ ಹೆಸರು ಇರುತ್ತದೆ. ಅಲ್ಲಿದ್ದ ಇಬ್ಬರ ಹೆಸರೇ ಮೂರೂ ಕಂಪನಿಗಳಲ್ಲಿ ಇತ್ತು. ಅಂದರೆ ಹೋಂ ತನ್ನ ಒಡೆಯರಿಗೇ ಬಾಡಿಗೆ ಕೊಡುತ್ತದೆ, ಒಡೆಯರಿಗೇ ಆಡಳಿತ ಶುಲ್ಕ ಕೊಡುತ್ತದೆ. ನಡೆಸುವ ಕಂಪನಿಯ ಪುಸ್ತಕದಲ್ಲಿ ಮಾತ್ರ ನಷ್ಟ ಕಾಣುತ್ತದೆ, ಸಹಾಯಕರನ್ನು ಸೇರಿಸಿಕೊಳ್ಳಲು ಹಣವಿಲ್ಲ ಎಂಬ ಉತ್ತರ ಸಿಗುತ್ತದೆ. ಇದು ಕಾನೂನಿಗೆ ವಿರುದ್ಧವಲ್ಲ. ಇಲಿನಾಯ್ ರಾಜ್ಯದ ಹೋಂಗಳ ಲೆಕ್ಕಪತ್ರ ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಆಶ್ವಿನ್ ಗಾಂಧಿ ಮತ್ತು ಆಂಡ್ರ್ಯೂ ಒಲೆನ್ಸ್ಕಿ 2024ರಲ್ಲಿ, ಅಲ್ಲಿನ ಹೋಂಗಳ ಲಾಭದ ಶೇಕಡ 63ರಷ್ಟು ಇಂಥ ಸಂಬಂಧಿತ ಕಂಪನಿಗಳ ಬಿಲ್‌ಗಳಲ್ಲಿ ಮರೆಯಾಗಿದೆ ಎಂದು ಅಂದಾಜು ಮಾಡಿದರು.

ಬಾಡಿಗೆಯ ಹೊರೆ ಎಷ್ಟು ಭಾರವಾಗಬಹುದು ಎಂಬುದಕ್ಕೆ ದೊಡ್ಡ ಉದಾಹರಣೆ ಎಚ್‌ಸಿಆರ್ ಮ್ಯಾನರ್‌ಕೇರ್. 2007ರಲ್ಲಿ ಕಾರ್ಲೈಲ್ ಗ್ರೂಪ್ ಎಂಬ ಪ್ರೈವೇಟ್ ಈಕ್ವಿಟಿ ಸಂಸ್ಥೆ, ಅಂದರೆ ಹೂಡಿಕೆದಾರರ ಹಣದಿಂದ ಕಂಪನಿಗಳನ್ನು ಕೊಂಡು ಮುಂದೆ ಲಾಭಕ್ಕೆ ಮಾರುವ ಸಂಸ್ಥೆ, ಈ ನರ್ಸಿಂಗ್ ಹೋಂ ಸರಣಿಯನ್ನು ಕೊಂಡಿತು. 2011ರಲ್ಲಿ ಅದರ ಕಟ್ಟಡಗಳೆಲ್ಲ ಸುಮಾರು 610 ಕೋಟಿ ಡಾಲರ್‌ಗೆ ಮಾರಾಟವಾದವು. ಅಂದಿನಿಂದ ತನ್ನದೇ ಆಗಿದ್ದ ಕಟ್ಟಡಗಳಿಗೆ ಬಾಡಿಗೆ ಕಟ್ಟುತ್ತ ಬಂದ ಕಂಪನಿ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ಪ್ರೈವೇಟ್ ಈಕ್ವಿಟಿ ಕೊಂಡ ಹೋಂಗಳಲ್ಲಿ ಅಲ್ಪಾವಧಿಯ ಮೆಡಿಕೇರ್ ರೋಗಿಗಳ ಸಾವಿನ ಸಂಭವ ಸುಮಾರು ಶೇಕಡ 10ರಷ್ಟು ಹೆಚ್ಚಿತೆಂದು 2021ರಲ್ಲಿ ಬಂದ ಒಂದು ಸಂಶೋಧನಾ ಪ್ರಬಂಧ ತೋರಿಸಿತು. ನಮ್ಮ ಪ್ರಕರಣದ ಒಡೆಯರು ಅಷ್ಟು ದೊಡ್ಡವರಲ್ಲ, ಆ ವರ್ಗಕ್ಕೂ ಸೇರಿದವರಲ್ಲ. ಕಟ್ಟಡ ಮತ್ತು ಆರೈಕೆಯನ್ನು ಬೇರೆ ಬೇರೆ ಕಂಪನಿಗಳಾಗಿ ಸೀಳಿದ ಬಗೆ ಮಾತ್ರ ಅದೇ.

ಎರಡನೆಯ ಆಯ್ಕೆ

ಈ ಬಾರಿ ಕುಟುಂಬ ನಕ್ಷತ್ರದ ಮೊತ್ತದಿಂದ ಶುರುಮಾಡಲಿಲ್ಲ. ಸಿಬ್ಬಂದಿಯ ಗಂಟೆ, ವಾರಾಂತ್ಯದ ಗಂಟೆ, ವರ್ಷದಲ್ಲಿ ಕೆಲಸ ಬಿಟ್ಟವರ ಪ್ರಮಾಣ, ಒಡೆತನ ಬದಲಾವಣೆ, ಈ ನಾಲ್ಕನ್ನು ಮೊದಲು ನೋಡಿದರು. ನಲವತ್ತು ನಿಮಿಷದ ದೂರದಲ್ಲಿ ಒಂದು ಹೋಂ ಸಿಕ್ಕಿತು. ಧಾರ್ಮಿಕ ದತ್ತಿಯೊಂದು ದಶಕಗಳಿಂದ ನಡೆಸುತ್ತಿರುವುದು, ಕಟ್ಟಡವೂ ಅದರದೇ. ತಪಾಸಣೆ ಮೂರು, ಸಿಬ್ಬಂದಿ ನಾಲ್ಕು, ಗುಣಮಟ್ಟ ಮೂರು, ಒಟ್ಟು ಮೂರು. 2022ರ ಜುಲೈಗೆ ಮುಂಚಿನ ನಿಯಮದಂತೆ ಸಿಬ್ಬಂದಿಯ ನಾಲ್ಕು ತಪಾಸಣೆಯ ಮೂರಕ್ಕಿಂತ ಹೆಚ್ಚಿದ್ದರೆ ಒಂದು ನಕ್ಷತ್ರ ಸೇರುತ್ತಿತ್ತು. ಇದೇ ಹೋಂ ಆಗ ನಾಲ್ಕು ನಕ್ಷತ್ರದ್ದಾಗುತ್ತಿತ್ತು. ದಿನಕ್ಕೆ 4 ಗಂಟೆ, ವಾರಾಂತ್ಯದಲ್ಲಿ 3.6. ತಾಯಿಗೆ ಇದನ್ನೆಲ್ಲ ವಿವರಿಸಿದಾಗ ಶಿಕ್ಷಕಿಯಾಗಿದ್ದ ಅವರು, "ಒಟ್ಟು ಅಂಕ ನೋಡಿ ಮಗುವನ್ನು ಪಾಸು ಮಾಡಿ, ಲೆಕ್ಕದಲ್ಲಿ ಎಷ್ಟು ಬಂತೆಂದು ನೋಡದೇ ಹೋದ ಹಾಗಾಯಿತು," ಎಂದರಂತೆ.

ಆದರೆ ಆ ಹೋಂನ ದಾಖಲೆಯಲ್ಲಿ ಒಂದು ಕಪ್ಪು ಚುಕ್ಕೆಯಿತ್ತು. ತಪಾಸಕರು ಕಂಡ ಪ್ರತಿ ಲೋಪಕ್ಕೂ 'ಎ'ಯಿಂದ 'ಎಲ್'ವರೆಗೆ ಒಂದು ಅಕ್ಷರ ಕೊಡುತ್ತಾರೆ. 'ಡಿ', 'ಇ', 'ಎಫ್' ಎಂದರೆ ಹಾನಿಯಾಗಿಲ್ಲ, ಆಗಬಹುದಿತ್ತು. 'ಜಿ'ಯಿಂದ ಮೇಲೆ ನಿಜವಾದ ಹಾನಿ. 'ಜೆ', 'ಕೆ', 'ಎಲ್' ಎಂದರೆ ಜೀವಕ್ಕೇ ತಕ್ಷಣದ ಅಪಾಯ. ಈ ಹೋಂಗೆ ಎರಡು ವರ್ಷದ ಹಿಂದೆ ಒಂದು 'ಜಿ' ಬಂದಿತ್ತು. ಮೊದಲ ಹೋಂಗೆ ಇದ್ದುದೆಲ್ಲ 'ಡಿ' ಮತ್ತು 'ಇ'. ತಮ್ಮ ಗಾಬರಿಯಾದರು: "ಹಾನಿಯಾದ ಜಾಗಕ್ಕೆ ಅಮ್ಮನನ್ನು ಯಾಕೆ ಕಳಿಸುತ್ತೀಯ ಅಕ್ಕ?"

ತಪಾಸಣೆಯ ಪೂರ್ತಿ ವಿವರಣೆಯನ್ನು ಓದಿದೆವು. ಎತ್ತುವ ಯಂತ್ರದಿಂದ ರೋಗಿಯನ್ನು ಹಾಸಿಗೆಯಿಂದ ಕುರ್ಚಿಗೆ ಇಬ್ಬರು ಸಾಗಿಸಬೇಕಾದಲ್ಲಿ ಒಬ್ಬರೇ ಸಾಗಿಸಿದ್ದರು, ಕಾಲಿನ ಮೂಳೆ ಮುರಿದಿತ್ತು. ಮಗಳು ಒಂದು ಭಾನುವಾರ ಸಂಜೆ, ಮೊದಲೇ ತಿಳಿಸದೆ ಹೋದರು. ಫಲಕ ನೋಡಿದರು, ಕಾರಿಡಾರ್‌ನಲ್ಲಿ ನಿಂತು ಕರೆಗಂಟೆಯ ದೀಪಗಳು ಎಷ್ಟು ಹೊತ್ತಿಗೆ ಆರುತ್ತವೆ ಎಂದು ನೋಡಿದರು. ಮರುದಿನ ಆಡಳಿತಾಧಿಕಾರಿಯನ್ನು ಆ 'ಜಿ' ಬಗ್ಗೆ ನೇರವಾಗಿ ಕೇಳಿದರು. ಅವರು ಸುತ್ತಿಬಳಸದೆ ಏನಾಯಿತೆಂದು ಹೇಳಿ, ಆ ನಂತರ ಬದಲಿಸಿದ ಕ್ರಮವನ್ನು ತೋರಿಸಿದರು. ನರ್ಸಿಂಗ್ ನಿರ್ದೇಶಕಿ ಒಂಬತ್ತು ವರ್ಷದಿಂದ ಅಲ್ಲಿದ್ದವರು. ನನ್ನ ತೂಕದಲ್ಲಿ ಅಕ್ಷರಕ್ಕಿಂತ ಆ ಸಂಭಾಷಣೆ ಹೆಚ್ಚು ಭಾರದ್ದು. ತಮ್ಮನೂ ಒಪ್ಪಿದರು.

ಇಲ್ಲಿ ಇನ್ನೊಂದು ಅಡ್ಡಿ ಎದ್ದಿತ್ತು. ಮಗಳ ಸೋದರಸಂಬಂಧಿಯೊಬ್ಬರು ಪಕ್ಕದ ರಾಜ್ಯದಲ್ಲಿದ್ದು, ತಮ್ಮ ಊರಿನಲ್ಲಿ ನಾಲ್ಕೈದು ನಕ್ಷತ್ರದ ಹೋಂಗಳೇ ಇವೆ, ಅಲ್ಲಿಗೇ ಕರೆತನ್ನಿ ಎಂದು ಒತ್ತಾಯಿಸಿದರು. ತಪಾಸಣೆಯ ನಕ್ಷತ್ರ ಆಯಾ ರಾಜ್ಯದೊಳಗಿನ ಹೋಲಿಕೆ: ಪ್ರತಿ ರಾಜ್ಯದಲ್ಲೂ ಮೇಲಿನ ಶೇಕಡ 10ಕ್ಕೆ ಐದು, ಕೆಳಗಿನ ಶೇಕಡ 20ಕ್ಕೆ ಒಂದು, ಉಳಿದವುಗಳಿಗೆ ಸಮನಾಗಿ ಎರಡು, ಮೂರು, ನಾಲ್ಕು. ಒಂದು ರಾಜ್ಯದ ನಾಲ್ಕನ್ನು ಇನ್ನೊಂದರ ಮೂರರ ಪಕ್ಕದಲ್ಲಿಟ್ಟು ತೂಗಲಾಗದು. ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಇಪ್ಪತ್ತೈದನೆಯ ದಿನ ತಾಯಿಯನ್ನು ಸ್ಥಳಾಂತರಿಸಿದರು. ಒಂದು ಹೋಂನಿಂದ ಇನ್ನೊಂದಕ್ಕೆ ನೇರವಾಗಿ ಹೋದರೆ ಮತ್ತೆ ಆಸ್ಪತ್ರೆ ಸೇರುವ ಅಗತ್ಯವಿಲ್ಲ. ಮೆಡಿಕೇರ್‌ನ 100 ದಿನದ ಎಣಿಕೆ ಮುಂದುವರಿಯುತ್ತದೆ ಅಷ್ಟೇ. ಅವರದು ಖಾಸಗಿ ಕಂಪನಿ ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಯಾಗಿದ್ದರೆ ಹೊಸ ಹೋಂ ಆ ಯೋಜನೆ ಒಪ್ಪುವ ಹೋಂಗಳ ಜಾಲದಲ್ಲಿದೆಯೇ, ಪೂರ್ವಾನುಮತಿ ಸಿಗುತ್ತದೆಯೇ ಎಂದು ಮೊದಲು ನೋಡಬೇಕಾಗುತ್ತಿತ್ತು.

ಹೊರಡುವ ಮುನ್ನ, ಮೊದಲ ದಿನ ಟ್ಯಾಬ್ಲೆಟ್‌ನಲ್ಲಿ ಸಹಿ ಹಾಕಿದ ಕಾಗದಗಳ ಪ್ರತಿಯನ್ನು ತರಿಸಿಕೊಂಡೆವು. ವಿವಾದವನ್ನು ನ್ಯಾಯಾಲಯಕ್ಕೆ ಒಯ್ಯದೆ ಮಧ್ಯಸ್ಥಿಕೆಯಲ್ಲೇ ಬಗೆಹರಿಸಿಕೊಳ್ಳುತ್ತೇವೆ ಎಂಬ ಒಪ್ಪಂದ ಅದರಲ್ಲಿತ್ತು. ಅಂಥ ಒಪ್ಪಂದವನ್ನು ಪ್ರವೇಶದ ಷರತ್ತಾಗಿ ಇಡುವಂತಿಲ್ಲ. ಸಹಿ ಹಾಕಿದ್ದರೂ 30 ದಿನದೊಳಗೆ ಹಿಂತೆಗೆದುಕೊಳ್ಳಬಹುದು. ಮಗಳು ಲಿಖಿತವಾಗಿ ಹಿಂತೆಗೆದುಕೊಂಡರು. ತಾಯಿಯ ಬಿಲ್‌ಗೆ ಮಕ್ಕಳೇ ಸ್ವಂತ ಹಣದ ಹೊಣೆ ಎಂದು ಬರೆಸಿಕೊಳ್ಳುವುದಕ್ಕೂ ಕೇಂದ್ರದ ಕಾನೂನಿನಲ್ಲಿ ಅವಕಾಶವಿಲ್ಲ. "ಹೊಣೆಗಾರರು" ಎಂಬ ಖಾನೆಯಲ್ಲಿ ಸಹಿ ಹಾಕುವಾಗ ತಾಯಿಯ ಪರವಾಗಿ, ತಾಯಿಯ ಹಣದಿಂದ ಎಂದು ಸ್ಪಷ್ಟವಾಗಿ ಬರೆಯಿರಿ ಎಂದು ನಾನು ಎಲ್ಲ ಕುಟುಂಬಗಳಿಗೂ ಕೈಮುಗಿದು ಹೇಳುತ್ತೇನೆ.

ಫಲಿತಾಂಶ

ಹುಣ್ಣು ಮಾಯಲು ಐದು ವಾರ ಹಿಡಿಯಿತು. ಎರಡನೆಯ ಹೋಂನಲ್ಲೂ ಎಲ್ಲವೂ ಸುಗಮವಾಗಿರಲಿಲ್ಲ: ಫಿಸಿಯೋಥೆರಪಿ ಕೋಣೆ ಹಳೆಯದು, ಒಮ್ಮೆ ಬಟ್ಟೆಗಳು ಕಳೆದುಹೋದವು, ಅಡುಗೆಯವರಿಗೆ ಮೊಟ್ಟೆಯೂ ಬೇಡ ಎಂಬುದನ್ನು ತಿಳಿಸಲು ಹಲವು ದಿನ ಬೇಕಾಯಿತು. ಮಗಳಿಗೆ ದಿನವೂ ಹೋಗಲಾಗದೆ ಅಳಿಯನೊಂದಿಗೆ ಸರದಿ ಹಾಕಿಕೊಂಡರು. ಆದರೆ ಕರೆಗಂಟೆಗೆ ಜನ ಬರುತ್ತಿದ್ದರು, ಭಾನುವಾರವೂ. ಬೆಳಗಿನ ಪಾಳಿಯ ಸಹಾಯಕಿ "ನೋವು", "ನೀರು", "ಸಾಕು" ಎಂಬ ಪದಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಹಾಸಿಗೆಯ ತಲೆಗಂಟಿಸಿದ್ದರು. ನೋವಿನ ಪ್ರಶ್ನೆಗೆ ತಾಯಿ ಆರು ಎಂದು ಉತ್ತರಿಸಿದ್ದು ಅವರಿಗೇ ಮೊದಲು.

ಎರಡು ತಿಂಗಳ ನಂತರ, ಮೆಡಿಕೇರ್ ರಕ್ಷಣೆ ಮುಗಿಯುತ್ತದೆ ಎಂಬ ನೋಟಿಸ್ ಬಂತು. ಅಂತಹ ನೋಟಿಸ್ ಕನಿಷ್ಠ ಎರಡು ದಿನ ಮುಂಚೆ ಬರಬೇಕು, ಅದರ ಮೇಲೆ ತುರ್ತು ಮೇಲ್ಮನವಿಗೆ ಹಕ್ಕಿದೆ. ಕುಟುಂಬ ಮೇಲ್ಮನವಿ ಸಲ್ಲಿಸಿ ಸೋತಿತು. ಆ ಹೊತ್ತಿಗೆ ತಾಯಿ ವಾಕರ್ ಹಿಡಿದು ನಡೆಯುತ್ತಿದ್ದರು, ಮನೆಗೆ ಬಂದರು. ಕಳೆದುಕೊಂಡ ತೂಕದಲ್ಲಿ ಅರ್ಧದಷ್ಟು ಮರಳಿದೆ. ಮೆಟ್ಟಿಲು ಹತ್ತುವುದು ಈಗಲೂ ಆಗುತ್ತಿಲ್ಲ.

ಮೊದಲ ಹೋಂ ಮೇಲೆ ರಾಜ್ಯದ ಆರೋಗ್ಯ ಇಲಾಖೆಗೆ ದೂರು ಕೊಟ್ಟಿದ್ದರು. ಇದರಲ್ಲಿ ದೊಡ್ಡ ನೆರವಾದದ್ದು ದೀರ್ಘಕಾಲೀನ ಆರೈಕೆಯ ಓಂಬುಡ್ಸ್‌ಮನ್, ಅಂದರೆ ಹೋಂಗಳಲ್ಲಿರುವವರ ಪರವಾಗಿ ದೂರು ವಿಚಾರಿಸುವ ಅಧಿಕಾರಿ. ಪ್ರತಿ ರಾಜ್ಯದಲ್ಲೂ ಈ ಕಚೇರಿ ಇದೆ, ಉಚಿತ, ರೋಗಿಯ ಅನುಮತಿಯಿಲ್ಲದೆ ಹೆಸರು ಹೊರಗೆಡಹುವುದಿಲ್ಲ. ತಪಾಸಕರು ಬಂದರು. ಹುಣ್ಣಿನ ಕುರಿತ ದೂರು ರುಜುವಾತಾಗಿ 'ಡಿ' ಅಕ್ಷರ ಬಿತ್ತು. ಕರೆಗಂಟೆಯ ದೂರಿಗೆ ಸಾಕಷ್ಟು ಆಧಾರವಿಲ್ಲ ಎಂದರು. ಒಂದು 'ಡಿ'ಯಿಂದ ನಕ್ಷತ್ರ ಅಲುಗಾಡಲಿಲ್ಲ. ನಾನು ಆಮೇಲೆ ನೋಡಿದಾಗಲೂ ಆ ಹೋಂನ ಎದುರು ನಾಲ್ಕೇ ಇತ್ತು. ಮಗಳಿಗೆ ಇದು ನೋವುಂಟುಮಾಡಿತು, ನನಗೂ. ಆದರೂ ದೂರಿನ ವಿವರಣೆ ಈಗ ಸಾರ್ವಜನಿಕ ದಾಖಲೆಯಲ್ಲಿದೆ. ಮುಂದಿನ ಕುಟುಂಬ ಆ ಪುಟ ತೆರೆದರೆ ಹಿಮ್ಮಡಿಯ ಹುಣ್ಣಿನ ಕಥೆ, ಹೆಸರಿಲ್ಲದೆ, ಅಲ್ಲಿ ಸಿಗುತ್ತದೆ.

ಕನಿಷ್ಠ ಸಿಬ್ಬಂದಿಯ ವಿಷಯದಲ್ಲಿ ಸರ್ಕಾರದ ಆಸರೆಯೂ ಕುಸಿದಿದೆ. ದಿನಕ್ಕೆ ಪ್ರತಿ ರೋಗಿಗೆ 3.48 ಗಂಟೆ ಆರೈಕೆ ಕಡ್ಡಾಯ ಎಂಬ ಕೇಂದ್ರ ನಿಯಮ 2024ರಲ್ಲಿ ಹೊರಬಂದಿತ್ತು. 2025ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಕೇಂದ್ರ ನ್ಯಾಯಾಲಯ ಅದನ್ನು ರದ್ದುಪಡಿಸಿತು, ಅದೇ ವರ್ಷದ ಜುಲೈನಲ್ಲಿ ಬಂದ ಕಾನೂನು ಅದರ ಜಾರಿಯನ್ನು ಇನ್ನೂ ಹಲವು ವರ್ಷ ತಡೆಯಿತು. ಆದ್ದರಿಂದ ಗಂಟೆಗಳನ್ನು ಎಣಿಸುವ ಹೊಣೆ ಸದ್ಯಕ್ಕೆ ಕುಟುಂಬಗಳದೇ.

ಈ ಕುಟುಂಬ ಈಗ ಎಣಿಸುತ್ತಿದೆ. ತಾಯಿ ಮತ್ತೆ ಬಿದ್ದರೆ ಗುರುವಾರ ಮಧ್ಯಾಹ್ನದ ಪಟ್ಟಿಯಿಂದ ಆರಿಸುವ ಸ್ಥಿತಿ ಬರಬಾರದು ಎಂದು ಮೂರು ಹೋಂಗಳನ್ನು ಗುರುತಿಸಿಟ್ಟಿದ್ದಾರೆ. ಮಗಳು ಅವುಗಳಿಗೆ ವಾರಾಂತ್ಯದಲ್ಲಿ ಭೇಟಿ ಕೊಟ್ಟಿದ್ದಾರೆ. ಮೂರು ತಿಂಗಳಿಗೊಮ್ಮೆ ಹೊಸ ಸಿಬ್ಬಂದಿ ಕಡತ ಬಂದಾಗ ಕೋಷ್ಟಕವನ್ನು ಬೆಂಗಳೂರಿನಿಂದ ತಮ್ಮ ತಿದ್ದಿ ಕಳಿಸುತ್ತಾರೆ, ಒಡೆತನದ ಖಾನೆಯನ್ನು ಅಳಿಯ ನೋಡುತ್ತಾರೆ. ಎರಡನೆಯ ಹೋಂ ನಡೆಸುವ ದತ್ತಿಯೂ ಕೊಳ್ಳುವವರನ್ನು ಹುಡುಕುತ್ತಿದೆ ಎಂದು ಈಚೆಗೆ ಕೇಳಿಬಂದಿದೆ. ಆ ಹೆಸರನ್ನು ಅವರು ಪಟ್ಟಿಯಿಂದ ಇನ್ನೂ ತೆಗೆದಿಲ್ಲ. ಕಟ್ಟಡ ಯಾರ ಪಾಲಾಗುತ್ತದೆ, ನರ್ಸಿಂಗ್ ನಿರ್ದೇಶಕಿ ಉಳಿಯುತ್ತಾರೆಯೇ ಎಂದು ಕೇಳಿ ಆಡಳಿತಾಧಿಕಾರಿಗೆ ಪತ್ರ ಬರೆದು, ಉತ್ತರಕ್ಕೆ ಕಾಯುತ್ತಿದ್ದಾರೆ.